ಕುಪ್ಪನ ಮ್ಯಾ ಮತ್ತು ಆಗಲ್ಲ ಅಜ್ಜಿ

ಕಲ್ಲುದಡ ಅನ್ನುವ ಊರಲ್ಲಿ ಒಂದು ಕಟ್ಟಳೆ ಇತ್ತು. ಕೊಡುವ ಕೈ ಪಕ್ಕದ ಕೈಯನ್ನು ನೋಡಬಾರದು. ಬಡವರಿಗೂ ಅದೇ ಕಟ್ಟಳೆ. ಸಾಹುಕಾರರಿಗೂ ಅದೇ ಕಟ್ಟಳೆ. ಎಲ್ಲರಿಗೂ ಬಾಯಿಪಾಠ. ಆದರೂ ಎಲ್ಲರೂ ಮುರಿದರು. ಹೇಗೆ ಮುರಿದರು ಅಂತೀರಾ? ಕಾಲು ಮಡಚಿ ಕೂತುಕೊಳ್ಳಿ, ಹೇಳುತ್ತೇನೆ.

ಮಚ್ಚೆವ್ವ ಅಂತ ಒಂದು ಆಡು. ಅದರ ಮರಿ ಕುಪ್ಪ. ಒಂದು ಬೆಳಿಗ್ಗೆ ಕುಪ್ಪ ಬೇಲಿ ಮೇಯ್ದ. ಬಾಯಿ ತೆರೆದ. ಮ್ಯಾ ಬರಲಿಲ್ಲ.

ಇನ್ನೊಮ್ಮೆ ತೆರೆದ. ಗಾಳಿ ಬಂತು. ಮ್ಯಾ ಬರಲಿಲ್ಲ.

ಮಚ್ಚೆವ್ವ ಹುಡುಕಿದಳು. ನಾಲಿಗೆಯ ಮೇಲೆ ನೋಡಿದಳು, ಮ್ಯಾ ಇಲ್ಲ. ಕಿವಿಯ ಹಿಂದೆ ನೋಡಿದಳು, ಮ್ಯಾ ಇಲ್ಲ. ಬಾಲದ ಕೆಳಗೂ ನೋಡಿದಳು. ಅಲ್ಲಿದ್ದದ್ದು ಮ್ಯಾ ಅಲ್ಲ.

ಮ್ಯಾ ಹೋದರೆ ಹೋಗಲಿ ಅನ್ನಬೇಡಿ. ಕಲ್ಲುದಡದ ಜೋಳ ಆಳೆತ್ತರ. ಮರಿ ಜೋಳದೊಳಗೆ ನುಗ್ಗಿದರೆ ಕಾಣುವುದಿಲ್ಲ. ಮ್ಯಾ ಅಂದರೆ ಅಮ್ಮನಿಗೆ ಸಿಗುತ್ತದೆ. ಮ್ಯಾ ಅನ್ನದಿದ್ದರೆ ತೋಳಕ್ಕೆ ಸಿಗುತ್ತದೆ. ಅದಕ್ಕೇ ಮಚ್ಚೆವ್ವ ಮದ್ದು ಹುಡುಕಿಕೊಂಡು ಓಡಿದಳು.

ಊರಿನ ಮುಂದೆ ಹೊಳೆ. ಹೊಳೆಯ ಆಚೆ ಮದ್ದಿನಮನೆ. ಹೆಂಗಸರ ಸಂಘದವರು ಕೂಡಿ ಕಟ್ಟಿದ್ದು. ಅಲ್ಲಿ ಒಬ್ಬ ಸಿಸ್ಟರಮ್ಮ ಇದ್ದಳು. ಆಚೆ ದಡದವರಿಗೆ ಕೆಮ್ಮು ಬಂದರೆ ಸಿಸ್ಟರಮ್ಮ. ಈಚೆ ದಡದವರಿಗೆ ಕೆಮ್ಮು ಬಂದರೆ ಬರೀ ಕೆಮ್ಮು.

ಮಚ್ಚೆವ್ವ ದಂಡೆಗೆ ಬಂದು ಕೂಗಿದಳು. ಕುಪ್ಪನ ಮ್ಯಾ ಹೋಗಿದೆ, ಬಾ ಅಂದಳು. ಸಿಸ್ಟರಮ್ಮ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು.

"ಗಂಟಲು ನೋಡಬೇಕು ಮಚ್ಚೆವ್ವಾ. ನೋಡಲು ಬರಬೇಕು. ಬರಲು ಹರಿಗೋಲು ಬೇಕು. ನಮ್ಮ ಸಂಘದ ಹತ್ತಿರ ಹರಿಗೋಲಿಲ್ಲ. ಯಾರಾದರೂ ದಾನ ಕೊಟ್ಟರೆ ಈಗಲೇ ಬರ್ತೀನಿ."

ಸರಿ, ಮಚ್ಚೆವ್ವ ಹೊರಟಳು. ಹಿಂದೆ ಕುಪ್ಪ ಹೊರಟ. ದಾರಿಯುದ್ದಕ್ಕೂ ಮಚ್ಚೆವ್ವ ಮರೆಯದ ಹಾಗೆ ಹೇಳಿಕೊಂಡಳು:

ಹರಿಗೋಲು ಬಂದರೆ ಸಿಸ್ಟರಮ್ಮ,
ಸಿಸ್ಟರಮ್ಮ ಬಂದರೆ ಕುಪ್ಪನ ಮ್ಯಾ.

ಬುಟ್ಟಿ ಹೆಣೆಯುವ ಬೀರಪ್ಪನ ಮನೆ ಬಂತು. ಹರಿಗೋಲು ಅಂದರೆ ದೊಡ್ಡ ಬುಟ್ಟಿಯೇ ತಾನೇ. ಬೀರಪ್ಪಣ್ಣ, ಬಿದಿರು ಕೊಡು, ಹರಿಗೋಲು ಹೆಣೆ ಅಂದಳು.

ಬೀರಪ್ಪ ಒಳ್ಳೆಯವನೇ. ಅಂಗಳದ ತುಂಬ ಬಿದಿರಿತ್ತು. ಕೈ ಬಿದಿರಿನ ಮೇಲಿತ್ತು. ಕಣ್ಣು ಮಾತ್ರ ಪಕ್ಕದ ಅಂಗಡಿಯ ಮೇಲೆ ಹೋಯಿತು.

"ಕೊಡ್ತೀನಮ್ಮ, ಇಲ್ಲ ಅಂದೆನಾ? ಗೋಣಿಯ ಗುರುಶಾಂತ ಕೊಟ್ಟನಾ? ಅವನು ಕೊಡಲಿ, ಹಿಂದೆಯೇ ನಾನು."

ಹೋಗೋಣ ಬಾ ಅಂತ ಮಚ್ಚೆವ್ವ ತಿರುಗಿದಳು. ಕುಪ್ಪ ಇಲ್ಲ. ಕೂಗಿದಳು. ಮ್ಯಾ ಇಲ್ಲ. ನೋಡಿದರೆ ಬುಟ್ಟಿಯ ಕೆಳಗೆ ಕೂತಿದ್ದ. ಬುಟ್ಟಿ ಎತ್ತಿದಳು, ಕುಪ್ಪನನ್ನು ಎಬ್ಬಿಸಿದಳು, ನಡೆದಳು.

ಗೋಣಿ ಬಂದರೆ ಬಿದಿರು,
ಬಿದಿರು ಬಂದರೆ ಹರಿಗೋಲು,
ಹರಿಗೋಲು ಬಂದರೆ ಸಿಸ್ಟರಮ್ಮ,
ಸಿಸ್ಟರಮ್ಮ ಬಂದರೆ ಕುಪ್ಪನ ಮ್ಯಾ.

ಗುರುಶಾಂತನ ಅಂಗಡಿ ಬಂತು. ಗೋಣಿಚೀಲ ಮಾಡಿನವರೆಗೆ ಪೇರಿಸಿತ್ತು. ಗುರುಶಾಂತಣ್ಣ, ಹರಿಗೋಲಿಗೆ ಹೊದಿಸಲು ಗೋಣಿ ಕೊಡು ಅಂದಳು.

ಗುರುಶಾಂತನೂ ಒಳ್ಳೆಯವನೇ. ಗೋಣಿ ಎಳೆದೂ ಎಳೆದ. ಎಳೆದ ಕೈ ಅಲ್ಲೇ ನಿಂತಿತು.

"ಬರೀ ಗೋಣಿಯಲ್ಲಿ ನೀರು ಸೋರುತ್ತೆ, ಡಾಂಬರು ಬಳಿಯಬೇಕು. ದಾದಾಪೀರ್ ಮೇಸ್ತ್ರಿ ಡಾಂಬರು ಕೊಟ್ಟರಾ? ಅವರು ಕೊಡಲಿ, ಹಿಂದೆಯೇ ನಾನು."

ಮಚ್ಚೆವ್ವ ತಿರುಗಿದಳು. ಕುಪ್ಪ ಇಲ್ಲ. ಕೂಗಿದಳು. ಮ್ಯಾ ಇಲ್ಲ. ನೋಡಿದರೆ ಒಂದು ಗೋಣಿಚೀಲ ತನ್ನಷ್ಟಕ್ಕೆ ತಾನೇ ನಡೆದು ಹೋಗುತ್ತಿತ್ತು. ಚೀಲ ಹಿಡಿದಳು, ಕುಪ್ಪನನ್ನು ಹೊರಗೆ ಕೊಡವಿದಳು, ನಡೆದಳು.

ಡಾಂಬರು ಬಂದರೆ ಗೋಣಿ,
ಗೋಣಿ ಬಂದರೆ ಬಿದಿರು,
ಬಿದಿರು ಬಂದರೆ ಹರಿಗೋಲು,
ಹರಿಗೋಲು ಬಂದರೆ ಸಿಸ್ಟರಮ್ಮ,
ಸಿಸ್ಟರಮ್ಮ ಬಂದರೆ ಕುಪ್ಪನ ಮ್ಯಾ.

ದಾದಾಪೀರ್ ಮೇಸ್ತ್ರಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಡಬ್ಬದಲ್ಲಿ ಡಾಂಬರು ಬುಳುಬುಳು ಅನ್ನುತ್ತಿತ್ತು. ಮೇಸ್ತ್ರಿಗಳೇ, ಹರಿಗೋಲಿಗೆ ಬಳಿಯಲು ಒಂದು ಡಬ್ಬ ಕೊಡಿ ಅಂದಳು.

ಮೇಸ್ತ್ರಿ ಇನ್ನೂ ಒಳ್ಳೆಯವರು. ಒಂದಲ್ಲ, ಎರಡು ಡಬ್ಬ ಒಯ್ಯಿ ಅಂದರು. ಆಮೇಲೆ ತಲೆ ಕೆರೆದುಕೊಂಡರು.

"ಹರಿಗೋಲು ನಡೆಸಲು ಹುಟ್ಟು ಬೇಕಲ್ಲ ತಾಯಿ. ಹುಟ್ಟಿಲ್ಲದಿದ್ದರೆ ಅದು ಇದ್ದಲ್ಲೇ ಬುಗುರಿಯ ಹಾಗೆ ತಿರುಗುತ್ತೆ. ಬಡಗಿ ಮೌನೇಶ ಹುಟ್ಟು ಕೊಟ್ಟನಾ? ಅವನು ಕೊಡಲಿ, ಹಿಂದೆಯೇ ನಾನು."

ಮಚ್ಚೆವ್ವ ತಿರುಗಿದಳು. ಕುಪ್ಪ ಇಲ್ಲ. ಕೂಗಿದಳು. ಮ್ಯಾ ಇಲ್ಲ. ನೋಡಿದರೆ ಹೊಸ ರಸ್ತೆಯ ಮೇಲೆ ನಾಲ್ಕೂ ಕಾಲು ಅಂಟಿಕೊಂಡು ನಿಂತಿದ್ದ. ಒಂದು ಕಾಲು ಕಿತ್ತರೆ ಮೂರು ಅಂಟಿತು. ಮೂರು ಕಿತ್ತರೆ ಒಂದು ಅಂಟಿತು. ಅಂತೂ ಕುಪ್ಪನನ್ನು ಕಿತ್ತಳು, ನಡೆದಳು.

ಹುಟ್ಟು ಬಂದರೆ ಡಾಂಬರು,
ಡಾಂಬರು ಬಂದರೆ ಗೋಣಿ,
ಗೋಣಿ ಬಂದರೆ ಬಿದಿರು,
ಬಿದಿರು ಬಂದರೆ ಹರಿಗೋಲು,
ಹರಿಗೋಲು ಬಂದರೆ ಸಿಸ್ಟರಮ್ಮ,
ಸಿಸ್ಟರಮ್ಮ ಬಂದರೆ ಕುಪ್ಪನ ಮ್ಯಾ.

ಬಡಗಿ ಮೌನೇಶ ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಮೊಳೆ. ಮಚ್ಚೆವ್ವ ಹುಟ್ಟು ಕೇಳಿದಳು. ಮೌನೇಶ ಗೋಡೆಗೆ ಒರಗಿದ್ದ ಹುಟ್ಟು ತೋರಿಸಿದ. ಹೊಚ್ಚ ಹೊಸದು. ಆಮೇಲೆ ಬಾಯಿಂದ ಮೊಳೆ ತೆಗೆದ. ಮೊಳೆ ತೆಗೆದ ಅಂದರೆ ದೊಡ್ಡ ಮಾತು ಬರುತ್ತದೆ ಅಂತ ಅರ್ಥ.

"ದಾನಮಂಡಳಿ ಅಧ್ಯಕ್ಷರು ಏನು ಕೊಟ್ಟರು? ಸಂಘಕ್ಕೆ ಮದ್ದಿನ ಪೆಟ್ಟಿಗೆ ಕೊಡ್ತೀನಿ ಅಂದಿದ್ದರು. ಅವರು ಕೊಡಲಿ, ಹಿಂದೆಯೇ ನಾನು."

ಮತ್ತೆ ಮೊಳೆ ಬಾಯಿಗೆ ಹೋಯಿತು.

ಮಚ್ಚೆವ್ವ ತಿರುಗಿದಳು. ಕುಪ್ಪ ಇಲ್ಲ. ಕೂಗಿದಳು. ಮ್ಯಾ ಇಲ್ಲ. ನೋಡಿದರೆ ಮರದ ಹೊಟ್ಟಿನ ರಾಶಿ ಸೀನಿತು. ರಾಶಿ ಕೆದಕಿದಳು, ಕುಪ್ಪನ ಮೂಗು ಒರೆಸಿದಳು, ನಡೆದಳು.

ಪೆಟ್ಟಿಗೆ ಬಂದರೆ ಹುಟ್ಟು,
ಹುಟ್ಟು ಬಂದರೆ ಡಾಂಬರು,
ಡಾಂಬರು ಬಂದರೆ ಗೋಣಿ,
ಗೋಣಿ ಬಂದರೆ ಬಿದಿರು,
ಬಿದಿರು ಬಂದರೆ ಹರಿಗೋಲು,
ಹರಿಗೋಲು ಬಂದರೆ ಸಿಸ್ಟರಮ್ಮ,
ಸಿಸ್ಟರಮ್ಮ ಬಂದರೆ ಕುಪ್ಪನ ಮ್ಯಾ.

ದಾನಮಂಡಳಿ ಅಧ್ಯಕ್ಷರು ಶಾಲು ಹೊದ್ದು ಕೂತಿದ್ದರು. ಮೊನ್ನೆ ಯಾರೋ ಹಾಕಿದ ಹಾರ ಇವತ್ತೂ ಕೊರಳಲ್ಲಿತ್ತು. ಮದ್ದಿನ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಅದರ ಮೇಲೆ ಕಾಲು ಇಟ್ಟುಕೊಂಡಿದ್ದರು.

ಮಚ್ಚೆವ್ವ ಎಲ್ಲ ಹೇಳಿದಳು. ಅಧ್ಯಕ್ಷರು ಎಲ್ಲ ಕೇಳಿದರು. ಪಾಪ, ಅವರೂ ಕೆಟ್ಟವರಲ್ಲ.

"ಪೆಟ್ಟಿಗೆ ಕೊಡೋದಕ್ಕೇ ಇಟ್ಟಿರೋದು. ಆದರೆ ಮೊದಲು ಊರವರ ಪಾಲು ಬರಬೇಕು, ಆಮೇಲೆ ಮಂಡಳಿಯ ಪಾಲು. ಬೀರಪ್ಪ ಬಿದಿರು ಕೊಟ್ಟನಾ? ಅವನು ಕೊಡಲಿ, ಹಿಂದೆಯೇ ನಾನು."

ಮಚ್ಚೆವ್ವ ಹೇಳಿಕೊಂಡಳು. ಬಿದಿರು ಬಂದರೆ ಪೆಟ್ಟಿಗೆ, ಪೆಟ್ಟಿಗೆ ಬಂದರೆ ಹುಟ್ಟು, ಹುಟ್ಟು ಬಂದರೆ ಡಾಂಬರು, ಡಾಂಬರು ಬಂದರೆ ಗೋಣಿ, ಗೋಣಿ ಬಂದರೆ ಬಿದಿರು, ಬಿದಿರು ಬಂದರೆ ಪೆಟ್ಟಿಗೆ...

ಇದೇನಿದು? ಹರಿಗೋಲು ಎಲ್ಲಿ ಹೋಯಿತು? ಇನ್ನೊಮ್ಮೆ ಹೇಳಿಕೊಂಡಳು. ಮತ್ತೆ ಬಿದಿರಿಗೇ ಬಂದಳು. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ತಲೆ ತಿರುಗಿತು.

ತಲೆ ತಿರುಗಿ ನಿಂತಾಗ ನೋಡಿದಳು. ಕುಪ್ಪ ಇಲ್ಲ.

ಕುರ್ಚಿಯ ಕೆಳಗೆ ನೋಡಿದಳು. ಇಲ್ಲ. ಅಧ್ಯಕ್ಷರ ಶಾಲಿನೊಳಗೆ ನೋಡಿದಳು. ಇಲ್ಲ. ಹೊರಗೆ ಓಡಿದಳು. ಹೊರಗೆ ಜೋಳದ ಹೊಲ. ಆಳೆತ್ತರದ ಜೋಳ ಸರಸರ ಅಂದಿತು. ಕುಪ್ಪಾ ಅಂದಳು. ಜೋಳ ಸರಸರ ಅಂದಿತು. ಕುಪ್ಪಾ, ಕುಪ್ಪಾ ಅಂದಳು. ಒಂದು ಮ್ಯಾ ಸಾಕಿತ್ತು. ಅರ್ಧ ಮ್ಯಾ ಸಾಕಿತ್ತು. ಕಾಲು ಮ್ಯಾ ಕೂಡ ಬರಲಿಲ್ಲ.

ಮಚ್ಚೆವ್ವ ಜೋಳದೊಳಗೆ ನುಗ್ಗಿದಳು. ಬಿದ್ದಳು, ಎದ್ದಳು, ಆಚೆ ತುದಿಯಲ್ಲಿ ಹೊರಬಂದಳು. ಅಲ್ಲಿ ಹೊಳೆಯ ದಂಡೆ. ದಂಡೆಯ ಮೇಲೆ ಗುಡಿಸಲು. ಗುಡಿಸಲ ಮುಂದೆ ಹಗ್ಗದ ಮಂಚ. ಮಂಚದ ಮೇಲೆ ಒಬ್ಬ ಅಜ್ಜಿ. ಮಂಚದ ಕೆಳಗೆ ಕುಪ್ಪ! ಹಗ್ಗದ ತುದಿ ಅಗಿಯುತ್ತಿದ್ದ. ಗಂಟಲು ಕಟ್ಟಿದ್ದರೂ ಅವನ ಹೊಟ್ಟೆ ಕಟ್ಟಿರಲಿಲ್ಲ.

ಮಚ್ಚೆವ್ವ ಅವನನ್ನು ನೆಕ್ಕಿದಳು. ನೆಕ್ಕಿ ನೆಕ್ಕಿ ಆಮೇಲೆ ಒಂದು ಗುದ್ದಿದಳು. ಆಮೇಲೆ ಅಜ್ಜಿಯನ್ನು ನೋಡಿದಳು.

ಆ ಅಜ್ಜಿಗೆ ಊರೆಲ್ಲ ಆಗಲ್ಲ ಅಜ್ಜಿ ಅನ್ನುತ್ತಿತ್ತು. ಏನು ಕೇಳಿದರೂ ಆಗಲ್ಲ ಅನ್ನುತ್ತಿದ್ದಳು. ಅದಕ್ಕೇ ಅವಳ ಹತ್ತಿರ ಯಾರೂ ಏನೂ ಕೇಳುತ್ತಿರಲಿಲ್ಲ.

ಬೇರೆ ದಾರಿ ಇಲ್ಲ, ಮಚ್ಚೆವ್ವ ಕೇಳಿದಳು. "ಅಜ್ಜೀ, ಹರಿಗೋಲಿಗೆ ಏನಾದರೂ ಕೊಡ್ತೀಯಾ? ಬೀರಪ್ಪಣ್ಣ ಕೊಟ್ಟ ಮೇಲೆ ಕೊಟ್ಟರೂ ಸಾಕು."

"ಆಗಲ್ಲ."

"ಅಧ್ಯಕ್ಷರು ಕೊಟ್ಟ ಮೇಲೆ?"

"ಆಗಲ್ಲ."

"ಎಲ್ಲರೂ ಕೊಟ್ಟ ಮೇಲೆ?"

"ಆಗಲ್ಲ ಅಂದೆನಲ್ಲ."

"ಹಾಗಾದರೆ ನೀನು ಕೊಡೋದೇ ಇಲ್ಲವಾ ಅಜ್ಜಿ?"

"ಕೊಡಲ್ಲ ಅಂತ ಯಾರು ಹೇಳಿದ್ದು? ಅವರಿವರ ದಾರಿ ಕಾಯೋಕೆ ಆಗಲ್ಲ. ಏಳು, ಆ ತುದಿ ಹಿಡಿ."

ಅಜ್ಜಿ ಮಂಚದಿಂದ ಇಳಿದಳು. ಮಂಚದ ಹಗ್ಗ ಬಿಚ್ಚತೊಡಗಿದಳು. ಅಜ್ಜಿ ಈ ಕಡೆ ಬಿಚ್ಚಿದಳು, ಮಚ್ಚೆವ್ವ ಆ ಕಡೆ ಎಳೆದಳು, ಕುಪ್ಪ ನಡುವೆ ಸಿಕ್ಕಿಕೊಂಡ. ಕುಪ್ಪನನ್ನೂ ಬಿಚ್ಚಿದರು. ಮಂಚಕ್ಕೆ ನಾಲ್ಕು ಕಾಲು ಉಳಿಯಿತು, ನಡುವೆ ಆಕಾಶ ಉಳಿಯಿತು. ಬಿದಿರು ಬಿಗಿಯಲು ಹಗ್ಗ ಬೇಕೇ ಬೇಕು, ಒಯ್ಯಿ ಅಂದಳು ಅಜ್ಜಿ. ನೆಲದ ಮೇಲೆ ಚಾಪೆ ಹಾಸಿ ಮಲಗಿಬಿಟ್ಟಳು.

ಮಚ್ಚೆವ್ವ ಹಗ್ಗವನ್ನು ಕೊಂಬಿಗೆ ಸುತ್ತಿಕೊಂಡು ಓಡಿದಳು. ಅಧ್ಯಕ್ಷರ ಮುಂದೆ ನಿಂತಳು. ಇಗೋ ಊರವರ ಪಾಲು ಅಂದಳು.

ಅಧ್ಯಕ್ಷರು ಹಗ್ಗ ನೋಡಿದರು. ಯಾರದು ಅಂದರು. ಆಗಲ್ಲ ಅಜ್ಜಿಯದು ಅಂದಳು. ಅಧ್ಯಕ್ಷರು ಬಾಯಿ ತೆರೆದರು. ಅವರ ಮ್ಯಾ ಕೂಡ ಹೋಗಿತ್ತು. ಮೆಲ್ಲಗೆ ಪೆಟ್ಟಿಗೆಯ ಮೇಲಿಂದ ಕಾಲು ತೆಗೆದರು.

ಹಗ್ಗ ಬಂತು ಅಂತ ಅಧ್ಯಕ್ಷರು ಪೆಟ್ಟಿಗೆ ಕೊಟ್ಟರು.
ಪೆಟ್ಟಿಗೆ ಬಂತು ಅಂತ ಮೌನೇಶ ಹುಟ್ಟು ಕೊಟ್ಟ.
ಹುಟ್ಟು ಬಂತು ಅಂತ ದಾದಾಪೀರ್ ಮೇಸ್ತ್ರಿ ಡಾಂಬರು ಕೊಟ್ಟರು.
ಡಾಂಬರು ಬಂತು ಅಂತ ಗುರುಶಾಂತ ಗೋಣಿ ಕೊಟ್ಟ.
ಗೋಣಿ ಬಂತು ಅಂತ ಬೀರಪ್ಪ ಬಿದಿರು ಸೀಳಿದ.

ಬಿದಿರು ಹೆಣೆದರು. ಹಗ್ಗ ಬಿಗಿದರು. ಗೋಣಿ ಹೊದಿಸಿದರು. ಡಾಂಬರು ಬಳಿದರು. ಹರಿಗೋಲು ಆಯಿತು. ಬೀರಪ್ಪ ಹುಟ್ಟು ಹಾಕಿದ. ಹರಿಗೋಲು ಆಚೆ ಹೋಯಿತು, ಸಿಸ್ಟರಮ್ಮ ಈಚೆ ಬಂದಳು. ದಂಡೆಯಲ್ಲಿ ಮೊಣಕಾಲುದ್ದ ಕೆಸರು. ಸಿಸ್ಟರಮ್ಮ ಕೆಸರಿಗೇ ಇಳಿದಳು, ಪಚಪಚ ನಡೆದು ಬಂದಳು.

ಕುಪ್ಪ ಬಾಯಿ ತೆರೆದ. ಸಿಸ್ಟರಮ್ಮ ಬ್ಯಾಟರಿ ಬಿಟ್ಟು ನೋಡಿದಳು. ಗಂಟಲಲ್ಲಿ ಬೆಳಿಗ್ಗೆ ಮೇಯ್ದ ಬೇಲಿಯ ಉತ್ತರಾಣಿ ಗಿಡದ ಒಂದು ಮುಳ್ಳುಬೀಜ ಕಚ್ಚಿಕೊಂಡು ಕೂತಿತ್ತು. ಚಿಮಟ ಹಾಕಿದಳು, ಟಕ್ಕನೆ ಕಿತ್ತಳು.

ಮ್ಯಾ!

ಆಚೆ ದಡಕ್ಕೂ ಕೇಳಿಸಿತು. ಮ್ಯಾ, ಮ್ಯಾ, ಮ್ಯಾ ಅಂದ ಕುಪ್ಪ. ಬೆಳಗಿನಿಂದ ಬಾಕಿ ಉಳಿದಿದ್ದೆಲ್ಲ ಒಟ್ಟಿಗೆ ಅಂದ. ಮಚ್ಚೆವ್ವ ಕಿವಿ ಮುಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಈಚೆ ದಡದವರೆಲ್ಲ ಬಂದು ನಿಂತರು. ಕೆಮ್ಮುವ ತಾತ ಬಂದ. ಕುಂಟುವ ಕೋಳಿ ಬಂತು. ಹಲ್ಲುನೋವಿನ ಅತ್ತೆ ಬಂದಳು. ತಾತನನ್ನು ಆಚೆ ಮದ್ದಿನಮನೆಗೆ ಕರೆದೊಯ್ಯಬೇಕು ಅಂದಳು ಸಿಸ್ಟರಮ್ಮ. ತಾತ ಕೆಸರು ನೋಡಿದ, ತನ್ನ ಕಾಲು ನೋಡಿದ, ಕೆಮ್ಮಿದ.

ಆಗ ಅಧ್ಯಕ್ಷರು ಒಂದು ದೊಡ್ಡ ಹಲಗೆ ಹೊತ್ತುಕೊಂಡು ಬಂದರು. ದಾನಿಗಳ ಹೆಸರು ಬರೆಸಬೇಕಂತೆ. ಮೇಲೆ ಯಾರ ಹೆಸರು? ಪೆಟ್ಟಿಗೆಯವರದೇ ಮೇಲೆ ಅಂದರು ಅಧ್ಯಕ್ಷರು. ಹುಟ್ಟಿಲ್ಲದೆ ಪೆಟ್ಟಿಗೆ ಈಜುತ್ತದಾ ಅಂತ ಮೌನೇಶ ಮೊಳೆ ತೆಗೆದ. ಡಾಂಬರಿಲ್ಲದೆ ಎಲ್ಲರೂ ಮುಳುಗುತ್ತಿದ್ದಿರಿ ಅಂದರು ಮೇಸ್ತ್ರಿ. ಗೋಣಿಯಿಲ್ಲದೆ ಡಾಂಬರು ಎಲ್ಲಿ ಬಳಿಯುತ್ತಿದ್ದಿರಿ, ತಲೆಗಾ ಅಂದ ಗುರುಶಾಂತ. ಬಿದಿರಿಲ್ಲದೆ ಅದು ಹರಿಗೋಲಲ್ಲ, ಒದ್ದೆ ಚೀಲ ಅಂದ ಬೀರಪ್ಪ. ತಾತ ಕೆಮ್ಮುತ್ತಲೇ ಇದ್ದ.

ಕೊನೆಗೆ ಎಲ್ಲರೂ ಹಲಗೆ ಸಮೇತ ಅಜ್ಜಿಯ ಹತ್ತಿರ ಹೋದರು. ಮಲಗಿದ್ದವಳನ್ನು ಎಬ್ಬಿಸಿದರು.

"ಅಜ್ಜೀ, ಮೊದಲು ಕೊಟ್ಟವಳು ನೀನು. ನಿನ್ನ ಹೆಸರೇ ಮೇಲೆ ಬರೆಸ್ತೀವಿ. ಪೂರ್ತಿ ಹೆಸರು ಹೇಳು."

"ಆಗಲ್ಲ."

ಅಜ್ಜಿ ಎದ್ದಳು. ಅಧ್ಯಕ್ಷರ ಕೈಯಿಂದ ಹಲಗೆ ಕಿತ್ತುಕೊಂಡಳು. ದಂಡೆಗೆ ನಡೆದಳು. ಕೆಸರಿನ ಮೇಲೆ, ನೆಲದಿಂದ ಹರಿಗೋಲಿನವರೆಗೆ, ಹಲಗೆಯನ್ನು ಅಡ್ಡ ಹಾಸಿದಳು. ಅಲುಗಾಡದ ಹಾಗೆ ಒಂದು ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದಳು. ಕೆಮ್ಮುವ ತಾತನಿಗೆ ಕೈ ಕೊಟ್ಟು ಹತ್ತಿಸಿದಳು.