ನೇಕಾರನ ಮಗಳು, ಬಣ್ಣಗಾರನ ಮಗ

“ಗುರುಗಳೇ, ಸಾವಿನಿಂದಲೂ ಒಳ್ಳೆಯದಾಗುವುದುಂಟೆ?” ಎಂದು ಶಿಷ್ಯ ಕೇಳಿದ.

ಅವನು ಹಿಂದಿನ ದಿನ ಪಕ್ಕದ ಊರಿನಲ್ಲಿ ಒಂದು ನಾಟಕ ನೋಡಿ ಬಂದಿದ್ದ. ಹಗೆ ಕಟ್ಟಿಕೊಂಡ ಎರಡು ಮನೆಗಳು. ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ. ಕೊನೆಯ ಅಂಕದಲ್ಲಿ ಇಬ್ಬರೂ ಸತ್ತರು. ಹಿರಿಯರು ಅವರ ಹೆಣಗಳ ಮುಂದೆ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಶಿಷ್ಯನಿಗೂ ಮನಸ್ಸು ತುಂಬಿ ಬಂದಿತ್ತು.

“ಆ ಎಳೆಯರು ಸಾಯದಿದ್ದರೆ ಆ ಮನೆಗಳು ಒಂದಾಗುತ್ತಿರಲಿಲ್ಲವಲ್ಲ,” ಎಂದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ದಡದ ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅದೇ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣಗಾರನೊಬ್ಬನಿದ್ದ. ಒಬ್ಬನ ಕೆಲಸ ಇನ್ನೊಬ್ಬನಿಗೆ ಬೇಕಾದದ್ದೇ. ಆದರೆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಅಜ್ಜಂದಿರ ಕಾಲದಲ್ಲಿ ಯಾವುದೋ ಮದುವೆಯಲ್ಲಿ ತಾಂಬೂಲ ಮೊದಲು ಯಾರ ಕೈಗೆ ಕೊಡಬೇಕೆಂದು ಜಗಳವಾಗಿತ್ತಂತೆ. ಅದು ಯಾರ ಮದುವೆ, ತಾಂಬೂಲ ಕೊನೆಗೆ ಯಾರಿಗೆ ಸಂದಿತು, ನೇಕಾರನಿಗೆ ಗೊತ್ತಿರಲಿಲ್ಲ. ಅವನ ತಂದೆ ಆ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದ. ಅವನಿಗೂ ಚಿಕ್ಕಂದಿನಿಂದ ಹಾಗೆ ತಿರುಗಿಸಿಯೇ ರೂಢಿ.

ಹೀಗಾಗಿ ನೇಕಾರನ ನೂಲು ಹೊಳೆ ದಾಟಿ ಆಚೆ ಊರಿಗೆ ಹೋಗಿ ಬಣ್ಣ ಹಾಕಿಸಿಕೊಂಡು ಬರುತ್ತಿತ್ತು. ಬಣ್ಣಗಾರನೂ ಆಚೆ ದಡದ ನೇಕಾರರಿಂದಲೇ ನೂಲು ತರಿಸುತ್ತಿದ್ದ. ನೇಕಾರನ ಹೆಂಡತಿ ತೀರಿಕೊಂಡ ಮೇಲೆ ನೂಲಿನ ಗಂಟು ಹೊತ್ತು ಮಗಳು ಸಾವಂತ್ರಿ ಹೋಗತೊಡಗಿದಳು. ಬಣ್ಣಗಾರನ ಕಡೆಯಿಂದ ಮಗ ಬೊಮ್ಮಣ್ಣ ಹೋಗುತ್ತಿದ್ದ. ಊರಿಗೆ ಇದ್ದದ್ದು ಒಂದೇ ದೋಣಿ. ಎರಡು ಮನೆಗಳೂ ಹೊಂದಿಕೊಂಡಿದ್ದಿದ್ದರೆ ಇಬ್ಬರಿಗೂ ಆ ದೋಣಿ ಹತ್ತುವ ಕೆಲಸವೇ ಇರುತ್ತಿರಲಿಲ್ಲ.

ಮಗಳು ಏನನ್ನೂ ಮುಚ್ಚಿಡಲಿಲ್ಲ. ಒಂದು ದಿನ ಮಗ್ಗದ ಮುಂದೆ ಬಂದು ನಿಂತು, “ಅಪ್ಪಾ, ಬಣ್ಣಗಾರರ ಬೊಮ್ಮಣ್ಣನನ್ನು ಬಿಟ್ಟು ಬೇರೆಯವರನ್ನು ನಾನು ಮದುವೆಯಾಗಲಾರೆ,” ಎಂದಳು.

ನೇಕಾರನ ಕೈಯಲ್ಲಿ ಲಾಳಿ ನಿಂತಿತು. “ಆ ಮನೆಯ ಹೆಸರನ್ನು ಇಲ್ಲಿ ಎತ್ತಬೇಡ.”

“ಅವರು ನಮಗೆ ಮಾಡಿದ್ದಾದರೂ ಏನು?”

ನೇಕಾರ ಉತ್ತರಕ್ಕೆ ತಡಕಾಡಿದ. ಸಿಗಲಿಲ್ಲ. ಸಿಗಲಿಲ್ಲವೆಂದೇ ಸಿಟ್ಟು ಹೆಚ್ಚಾಯಿತು. ಆ ವಾರವೇ ದೂರದ ಊರಿನ ಒಂದು ಸಂಬಂಧಕ್ಕೆ ಮಾತು ಕೊಟ್ಟು ಬಂದ.

ಅವನು ಕೆಟ್ಟವನಲ್ಲ. ಮಗಳು ಊಟ ಬಿಟ್ಟಾಗ ಅವನಿಗೂ ತುತ್ತು ಇಳಿಯಲಿಲ್ಲ. ಬೊಮ್ಮಣ್ಣ ಗುಣವಂತನೆಂದು ಊರವರು ಆಡುತ್ತಿದ್ದ ಮಾತು ಅವನ ಕಿವಿಗೂ ಬಿದ್ದಿತ್ತು. ಒಂದು ದಿನ, ಆ ಮನೆಗೆ ಹೋಗಿ ಮಾತಾಡಿಯೇ ಬರೋಣವೆಂದು ಅಂಗಿ ತೊಟ್ಟು ಹೊರಟ. ಹೊಸಿಲ ಬಳಿ ಕಾಲು ತಡೆಯಿತು. ಮೊದಲು ನಾನೇ ಏಕೆ ಹೋಗಬೇಕು ಅನ್ನಿಸಿತು. ಅಂಗಿ ತೊಟ್ಟಾಗಿತ್ತು, ಹೊಳೆಯ ಕಡೆಗೆ ಹೋದ. ಅಂಬಿಗನನ್ನು ಕರೆದು, ತನ್ನ ಮಗಳು ಆ ಹುಡುಗನ ಜೊತೆ ಬಂದರೆ ದೋಣಿ ಬಿಡಬೇಡ ಎಂದ. ಅಂಬಿಗ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಗಲಿ ಎಂದು ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ಬಟ್ಟೆಯ ಗಂಟು ಕಟ್ಟಿಕೊಂಡು ದಡಕ್ಕೆ ಬಂದರು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ಕೆಂಪಗೆ ಏರುತ್ತಿತ್ತು. ಅಂಬಿಗ ದೋಣಿ ಬಿಡಲಿಲ್ಲ. ಸಾವಂತ್ರಿ ಕೈಮುಗಿದಳು, ಆಗಲೂ ಬಿಡಲಿಲ್ಲ. ದಡದಲ್ಲಿ ಮೀನು ಹಿಡಿಯುವವರು ಬೋರಲು ಹಾಕಿದ್ದ ಹಳೆಯ ಹರಿಗೋಲೊಂದಿತ್ತು. ಬೊಮ್ಮಣ್ಣ ಅದನ್ನು ನೀರಿಗೆ ತಳ್ಳಿದ. ಬೇಡ, ಬೇಡ ಎಂದು ಕೂಗುತ್ತ ಅಂಬಿಗ ತನ್ನ ದೋಣಿಯ ಹಗ್ಗ ಬಿಚ್ಚುವಷ್ಟರಲ್ಲಿ ಹರಿಗೋಲು ನಡುಹೊಳೆಯಲ್ಲಿ ಗಿರಗಿರನೆ ತಿರುಗಿ ಮಗುಚಿತು. ಬೊಮ್ಮಣ್ಣನಿಗೆ ಈಜು ಬರುತ್ತಿತ್ತು. ಸಾವಂತ್ರಿಗೆ ಬರುತ್ತಿರಲಿಲ್ಲ. ಹಾಗಾಗಿ ಅವನೂ ದಡ ಸೇರಲಿಲ್ಲ.

ಮಧ್ಯಾಹ್ನ ಕೆಳಗಿನ ಮರಳದಿಣ್ಣೆಯಲ್ಲಿ ಇಬ್ಬರೂ ಸಿಕ್ಕರು. ನೇಕಾರ ಓಡಿ ಬಂದಾಗ ಬಣ್ಣಗಾರ ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅಂಬಿಗ ಪಕ್ಕದಲ್ಲಿ ನಿಂತಿದ್ದ, ಬಟ್ಟೆಯಿಂದ ನೀರು ಇಳಿಯುತ್ತಿತ್ತು. ದೋಣಿ ಏಕೆ ಬಿಡಲಿಲ್ಲ ಎಂದು ಕೇಳಲು ಹೋದ ನೇಕಾರನಿಗೆ ತಾನೇ ಹೇಳಿದ್ದು ನೆನಪಾಯಿತು.

“ನೀವಿಬ್ಬರೂ ಬೇರೆ ಬೇರೆ ಬಂದು ಒಂದೇ ಮಾತು ಹೇಳಿ ಹೋದಿರಿ, ಒಡೆಯರೇ. ಅದರಂತೆ ನಡೆದೆ,” ಎಂದ ಅಂಬಿಗ.

ನೇಕಾರ ಬಣ್ಣಗಾರನತ್ತ ನೋಡಿದ. ಬಣ್ಣಗಾರ ತಲೆ ತಗ್ಗಿಸಿದ. ಮೂರು ತಲೆಮಾರಿನಲ್ಲಿ ಆ ಎರಡು ಮನೆಗಳು ಒಪ್ಪಿದ್ದು ಅದೊಂದೇ ಮಾತಿಗೆ.

ಸಂಜೆ ಮಣ್ಣು ಮಾಡಿ ಜನ ಚದುರಿದರು. ನೇಕಾರನ ದಾರಿ ಬಣ್ಣಗಾರನ ಮನೆಯ ಮುಂದೆಯೇ. ಈ ಸಲ ಮುಖ ತಿರುಗಿಸುವುದು ಅವನಿಗೆ ನೆನಪಾಗಲಿಲ್ಲ.

“ಒಳಗೆ ಬನ್ನಿ. ನೀರು ಕುಡಿದು ಹೋಗಿ,” ಎಂದ ಬಣ್ಣಗಾರ.

ನೇಕಾರ ಜಗುಲಿ ಹತ್ತಿ ಕೂತ. ಬಣ್ಣಗಾರನ ಹೆಂಡತಿ ತಂಬಿಗೆ ತಂದಿಟ್ಟು ಒಳಗೆ ಹೋದಳು. ಬಣ್ಣಗಾರ, “ನಿಮ್ಮ ಮಗಳನ್ನು ನನ್ನ ಮಗ ಚೆನ್ನಾಗಿ ನೋಡಿಕೊಳ್ಳುತ್ತಿದ್ದ,” ಎಂದ.

“ಗೊತ್ತು,” ಎಂದ ನೇಕಾರ.

ಅಂದಿನಿಂದ ನೇಕಾರನ ನೂಲು ಬಣ್ಣಗಾರನ ಮನೆಗೇ ಹೋಗತೊಡಗಿತು. ಹಬ್ಬಕ್ಕೆ ಬಣ್ಣಗಾರನ ಮನೆಯ ಹೋಳಿಗೆ ನೇಕಾರನಿಗೆ, ನೇಕಾರ ನೇಯ್ದ ಬಟ್ಟೆ ಅವರಿಗೆ. ಊರವರು ಹೊಳೆಯ ದಡದಲ್ಲಿ ಒಂದು ಕಲ್ಲು ನಿಲ್ಲಿಸಿ ಹೂವು ಇಟ್ಟರು. ಆ ಮಕ್ಕಳು ಪ್ರಾಣ ಕೊಟ್ಟು ಎರಡು ಮನೆಗಳನ್ನು ಕೂಡಿಸಿದರು ಎಂದು ಬಂದವರಿಗೆಲ್ಲ ಹೇಳಿದರು. ಹಾಗೆ ಹೇಳಿದಾಗಲೆಲ್ಲ ನೇಕಾರ ಎದ್ದು ಹೋಗಿಬಿಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅಲ್ಲಿಯೂ ಕೊನೆಗೆ ಒಳ್ಳೆಯದೇ ಆಯಿತಲ್ಲವೇ?” ಎಂದ ಶಿಷ್ಯ.

“ಅಂದು ಜಗುಲಿಯಲ್ಲಿ ಕೂತು ಅವರು ಆಡಿದ್ದರಲ್ಲಿ, ಹಿಂದಿನ ದಿನವೇ ಆಡಲಾಗದಂಥ ಮಾತು ಯಾವುದಿತ್ತಪ್ಪ?” ಎಂದರು ಗುರುಗಳು.