ಸೆಲ್ಮೊನಿಗೆ ಕಾಯ್ದಿಟ್ಟ ಜಾಗ

"ಅವ್ವ, ನಾನು ಹೋದ ಮೇಲೆ ನನ್ನ ಜಾಗವನ್ನು ನನಗಾಗಿ ಇಟ್ಟಿರುತ್ತೀರಾ?" ಎಂದು ಶಿಷ್ಯ ಮಠದ ಅವ್ವನನ್ನು ಕೇಳಿದ.

ಅವನನ್ನು ದೊಡ್ಡ ಮಠದವರು ಕರೆದಿದ್ದರು. ಅಲ್ಲಿ ಪೀಠ ಖಾಲಿಯಾಗಿತ್ತು. ಒಲ್ಲೆ ಎನ್ನಲು ಅವನಿಗೆ ಮನಸ್ಸಿರಲಿಲ್ಲ, ಇಲ್ಲಿಂದ ಏಳಲೂ ಮನಸ್ಸಿರಲಿಲ್ಲ. ಈ ಸಣ್ಣ ಮಠದಲ್ಲಿ ಅವನ ಕೆಲಸ ಅನ್ನದ ಕೊಪ್ಪರಿಗೆ ಹೊರುವುದು. ಕೊಪ್ಪರಿಗೆಯ ಬಳೆಗಳಿಗೆ ಎರಡು ಕೋಲು ತೂರಿಸಿ, ನಾಲ್ಕು ಜನ ಹೆಗಲು ಕೊಟ್ಟು, ಒಲೆಯ ಮನೆಯಿಂದ ಪಂಕ್ತಿಗೆ ತರುತ್ತಿದ್ದರು. ಹಿಂದಿನ ಎಡ ತುದಿ ಅವನದು.

"ಕೆಲವು ವರ್ಷ ಅಲ್ಲಿದ್ದು ಬಂದುಬಿಡುತ್ತೇನೆ ಅವ್ವ. ಆ ತುದಿಯನ್ನು ಮಾತ್ರ ಯಾರಿಗೂ ಕೊಡಬೇಡಿ."

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಕೂತ್ಕೋ ಮಗಾ. ಹೀಗೆ ಹೊರಟವನ ಹಾಗೆ ಕುಕ್ಕರುಗಾಲಲ್ಲಿ ಅಲ್ಲ, ಗೋಡೆಗೆ ಒರಗಿ ಕೂತ್ಕೋ. ಎಲೆ ಅಡಿಕೆ ಬೇಕಾದರೆ ಆ ಡಬ್ಬಿಯಲ್ಲಿದೆ. ಒಬ್ಬನ ಕತೆ ಹೇಳುತ್ತೇನೆ, ಕೇಳು" ಎಂದಳು. ಅವಳು ಹೇಳಿದ ಕತೆ ಇದು.

ಫಿಲಿಪ್ಪೀನ್ಸ್ ಅಂತ ಒಂದು ದೇಶವಂತೆ. ನೆಲಕ್ಕಿಂತ ನೀರೇ ಹೆಚ್ಚು. ಸಮುದ್ರದಲ್ಲಿ ಯಾರೋ ಹಿಡಿ ಕಾಳು ಚೆಲ್ಲಿದ ಹಾಗೆ ದ್ವೀಪಗಳು. ನಾನು ಕಂಡದ್ದಲ್ಲ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಭಕ್ತನೊಬ್ಬ ಇಲ್ಲೇ ಪಂಕ್ತಿಯಲ್ಲಿ ಕೂತು ಹೇಳಿದ್ದು. ನಡೆದದ್ದೋ ಕಟ್ಟಿದ್ದೋ ಅವನಿಗೇ ಗೊತ್ತು.

ಅಲ್ಲಿ ಒಂದು ಮೀನುಗಾರರ ಊರು. ಬಿದಿರಿನ ಮನೆ, ಮೇಲೆ ತಾಳೆಗರಿ. ಸಮುದ್ರ ದಡವನ್ನು ತಿನ್ನುತ್ತಾ ಬಾಗಿಲಿಗೆ ಬಂದರೆ ಅವರು ಮನೆ ಬಿಟ್ಟು ಓಡುವುದಿಲ್ಲ. ಮನೆಯನ್ನೇ ಎತ್ತಿಕೊಂಡು ಒಳಕ್ಕೆ ನಡೆಯುತ್ತಾರೆ. ನಗಬೇಡ, ನಿಜವಾಗಿ ಎತ್ತುತ್ತಾರೆ. ಮನೆಯ ಅಡಿಗೆ ಉದ್ದುದ್ದ ಬಿದಿರು ತೂರಿಸಿ, ಊರ ಗಂಡಸರೆಲ್ಲ ಹೆಗಲು ಕೊಟ್ಟು, ಮಾಡು ಗೋಡೆ ಕಿಟಕಿ ಸಮೇತ ಹೊತ್ತು ಹೋಗುತ್ತಾರೆ. ಮುಂದೆ ಒಬ್ಬ ತಗಡಿನ ಡಬ್ಬ ಬಡಿಯುತ್ತಾ ಹೆಜ್ಜೆ ಹೇಳುತ್ತಾನೆ. ಕೂಲಿ ಇಲ್ಲ. ಮನೆಯವರು ಶುಂಠಿ ಹಾಕಿದ ಗಂಜಿ ಕಾಯಿಸಿ ಎಲ್ಲರಿಗೂ ಬಡಿಸಬೇಕು, ಅಷ್ಟೇ.

ಅದಕ್ಕೊಂದು ಕಟ್ಟುಪಾಡಿತ್ತು. ಹೆಗಲ ಎತ್ತರ ನೋಡಿ ಜಾಗ ಕೊಡುತ್ತಿದ್ದರು. ಒಬ್ಬೊಬ್ಬನಿಗೂ ಅವನದೇ ಜಾಗ. ಒಬ್ಬ ಕಾಯಿಲೆ ಬಿದ್ದರೆ, ಸಮುದ್ರಕ್ಕೆ ಹೋಗಿದ್ದರೆ, ಅದೇ ಎತ್ತರದ ಇನ್ನೊಬ್ಬ ಬಂದು ಅಲ್ಲಿ ನಿಲ್ಲಬೇಕು. ಬಿದಿರಿನ ಕೆಳಗೆ ಬರಿದು ಬಿಡುವ ಹಾಗಿರಲಿಲ್ಲ.

ಆ ಊರಿನಲ್ಲಿ ಒಬ್ಬ ವಿಧವೆಯ ಮಗ ಇದ್ದ. ಅವನ ಹೆಸರು ಸೆಲ್ಮೊ. ಬಲಗಡೆಯ ಬಿದಿರಿನಲ್ಲಿ ಅವನ ಜಾಗ. ಅವನ ಮುಂದೆ ಗೆಳೆಯ ತಿನೊ. ಇಬ್ಬರೂ ಜೊತೆಯಲ್ಲೇ ಬೆಳೆದವರು. ಸೆಲ್ಮೊ ಹೊತ್ತುಕೊಂಡೇ ಮಾತಾಡುತ್ತಿದ್ದ, ನಗಿಸುತ್ತಿದ್ದ. ತಿನೊ ತಿರುಗಿ ನೋಡದೆ ಬೈಯುತ್ತಿದ್ದ. "ಬಾಯಿಂದ ಹೊರುತ್ತೀಯೋ, ಹೆಗಲಿಂದ ಹೊರುತ್ತೀಯೋ?"

ಆ ಬಾಯೇ ಅವನನ್ನು ಊರಿನಿಂದ ಎತ್ತಿಕೊಂಡು ಹೋಯಿತು ನೋಡು.

ಒಂದು ವರ್ಷ ಕಬ್ಬಿನ ಧಣಿಯೊಬ್ಬ ಒಳನಾಡಿನ ಬಯಲಿಗೆಲ್ಲ ಬೇಲಿ ಹಾಕಿಸಿದ. ಹಿಂದೆ ಸಮುದ್ರ, ಮುಂದೆ ಬೇಲಿ. ಊರವರು ಒಂದು ಮನೆಯನ್ನು ಹೊತ್ತು ತಂದು ಬೇಲಿಯ ಎದುರು ನಿಂತುಬಿಟ್ಟರು. ಇಳಿಸಲಿಲ್ಲ. ಬಿಸಿಲು ಏರಿತು. ಧಣಿ ಕುದುರೆಯ ಮೇಲೆ ಬಂದ. ಬಿದಿರಿನ ಕೆಳಗಿನಿಂದಲೇ ಸೆಲ್ಮೊ ಕೂಗಿ ಹೇಳಿದ: "ಧಣೀ, ನಮ್ಮ ಹೆಗಲ ಮೇಲೆ ಮನೆ ಇದೆ, ಇಡೋಕೆ ನೆಲ ಇಲ್ಲ. ನಿಮ್ಮ ಹತ್ತಿರ ನೆಲ ಇದೆ, ಅದರ ಮೇಲೆ ಯಾರೂ ಇಲ್ಲ. ಇಬ್ಬರದೂ ಕಷ್ಟವೇ. ಬೇಲಿ ತೆಗೀರಿ, ಇಬ್ಬರಿಗೂ ಹಗುರಾಗಲಿ."

ಹೊತ್ತವರು ನಕ್ಕರು. ಧಣಿಯ ಆಳುಗಳೂ ನಕ್ಕರು. ಸಂಜೆಯೊಳಗೆ ಬೇಲಿ ಬಿತ್ತು.

ಆ ಮಾತು ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಯಿತು. ಜನ ಅವನನ್ನು ಊರಿನ ಮುಖಂಡನನ್ನಾಗಿ ಆರಿಸಿದರು, ಆಮೇಲೆ ಪ್ರಾಂತ್ಯಕ್ಕೆ ಕಳಿಸಿದರು, ಆಮೇಲೆ ರಾಜಧಾನಿಯ ಸಭೆಗೆ. ಊರು ಬಿಡುವ ದಿನ ಅವನು ಎಲ್ಲರ ಮುಂದೆ ಕೈ ಮುಗಿದು ಹೇಳಿದ: "ನಾನು ಮತ್ತೆ ಬರುತ್ತೇನೆ. ನನ್ನ ಜಾಗ ಇಟ್ಟಿರಿ."

ತಿನೊ ಅಂದ: "ಇಟ್ಟಿರುತ್ತೇವೆ ಹೋಗೋ ಮಾರಾಯ. ನಿನ್ನಷ್ಟು ಗಳಹುವ ಹೆಗಲು ಇನ್ನು ಯಾರಿಗಿದೆ?"

ತಾಯಿ ಅವನ ಹೆಗಲನ್ನು ಒಮ್ಮೆ ಸವರಿದಳು. ಅಲ್ಲಿ ಬಿದಿರು ಕೂತು ಕೂತು ಒಂದು ಜಡ್ಡು ಕಟ್ಟಿತ್ತು.

ಹೀಗೆ ಹೋದವನು ಮುಂದೆ ದೇಶಕ್ಕೇ ಅಧ್ಯಕ್ಷನಾದ. ಕೆಟ್ಟವನಾಗಲಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕಳ್ಳನಾಗಲಿಲ್ಲ. ಸೇತುವೆ ಕಟ್ಟಿಸಿದ, ಶಾಲೆ ತೆರೆಸಿದ, ಬೇಲಿಗಳನ್ನು ಕೀಳಿಸಿದ. ಸುತ್ತಲಿನವರು "ಸ್ವಾಮಿ, ನೀವಿಲ್ಲದೆ ಹೋದರೆ ಇದೆಲ್ಲ ಅರ್ಧಕ್ಕೆ ನಿಲ್ಲುತ್ತದೆ" ಎಂದರು. ಅವನು ನಂಬಿದ. ಇದೊಂದು ಕೆಲಸ ಮುಗಿಸಿ ಹೋಗುತ್ತೇನೆ ಅಂದ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಹುಟ್ಟಿಕೊಳ್ಳುತ್ತಿತ್ತು. ಅವಧಿ ಮುಗಿದರೆ ಮತ್ತೆ ನಿಂತ, ಮತ್ತೆ ಗೆದ್ದ.

ಆದರೆ ಅವನ ಒಳಗೆ ಏನಿತ್ತು ಅಂತ ಕೇಳು. ಅರಮನೆಯಂಥ ಮನೆಯಲ್ಲಿ ಕೂತು ಮಂತ್ರಿಗಳ ಮಾತು ಕೇಳುವಾಗ ಅವನ ಎಡಗೈ ತಾನಾಗಿ ಬಲ ಹೆಗಲಿಗೆ ಹೋಗುತ್ತಿತ್ತು. ಜಡ್ಡು ಇದೆಯೋ ಇಲ್ಲವೋ ಅಂತ ಬೆರಳು ಹುಡುಕುತ್ತಿತ್ತು. ವರ್ಷ ಹೋದ ಹಾಗೆ ಅದು ಮೆತ್ತಗಾಯಿತು, ತೆಳುವಾಯಿತು. ಅಂಗಿ ಹೊಲಿಯಲು ಅಳತೆ ತೆಗೆಯುವ ದರ್ಜಿ ಒಂದು ದಿನ "ಈಗ ಎರಡು ಹೆಗಲೂ ಸಮ ಆಗಿವೆ ಸ್ವಾಮಿ, ಅಂಗಿ ಚೆನ್ನಾಗಿ ಕೂರುತ್ತದೆ" ಎಂದು ಸಂತೋಷದಿಂದ ಹೇಳಿದ. ಅವತ್ತು ಅಧ್ಯಕ್ಷನಿಗೆ ಊಟ ಸೇರಲಿಲ್ಲ.

ಅಡುಗೆಯವನ ಕೈಲಿ ಶುಂಠಿ ಗಂಜಿ ಮಾಡಿಸಿದ. ಗಂಜಿ ರುಚಿಯಾಗೇ ಇತ್ತು. ಹೊತ್ತು ಬೆವತು ಕೂತವನ ಹಸಿವು ಮಾತ್ರ ಆ ಅರಮನೆಯಲ್ಲಿ ಎಲ್ಲೂ ಸಿಗಲಿಲ್ಲ.

ಇನ್ನೊಂದು ದಿನ ಆಳುಗಳು ದೊಡ್ಡ ಬೀರು ಸಾಗಿಸುತ್ತಿದ್ದರು. ಹಾದು ಹೋಗುತ್ತಿದ್ದ ಅಧ್ಯಕ್ಷ ತಡೆಯಲಾರದೆ ಓಡಿ ಬಂದು ಬಗ್ಗಿ ಹೆಗಲು ಕೊಟ್ಟ. ಆಳುಗಳು ಹೆದರಿ ಬೀರುವನ್ನು ಧೊಪ್ಪನೆ ಇಳಿಸಿ, ತಪ್ಪಾಯಿತು ತಪ್ಪಾಯಿತು ಎಂದು ಕೈ ಮುಗಿದು ನಿಂತರು. ಅವನು ಬಗ್ಗಿದ ಹೆಗಲನ್ನು ಹಾಗೇ ನೆಟ್ಟಗೆ ಮಾಡಿಕೊಂಡು ಒಳಗೆ ಹೋದ.

ಊರಿಗೆ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದ. ಬಾವುಟ, ಬ್ಯಾಂಡು, ಹಾರ, ಭಾಷಣ. ಅಧ್ಯಕ್ಷ ಬಂದ ದಿನ ಯಾರು ಮನೆ ಎತ್ತುತ್ತಾರೆ ಹೇಳು. ತಾಯಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂರುತ್ತಿದ್ದ, ಕಾವಲಿನವರು ಗಡಿಯಾರ ನೋಡಿದ ಕೂಡಲೇ ಏಳುತ್ತಿದ್ದ. ದೂರದಲ್ಲಿ ನಿಂತ ತಿನೊನನ್ನು ಕಣ್ಣಿನಲ್ಲೇ ಕೇಳುತ್ತಿದ್ದ. ತಿನೊ ತಲೆ ಆಡಿಸುತ್ತಿದ್ದ. ಹೋಗಲಾಗದ ವರ್ಷಗಳಲ್ಲಿ, ರಾಜಧಾನಿಗೆ ಒಣಮೀನು ತರುವ ವ್ಯಾಪಾರಿಯ ಬಾಯಲ್ಲಿ ತಿನೊ ಎರಡೇ ಮಾತು ಹೇಳಿ ಕಳಿಸುತ್ತಿದ್ದ: "ಜಾಗ ಇದೆ."

ಆ ಎರಡು ಮಾತಿನ ಮೇಲೆ ಅವನು ಬದುಕಿದ ಮಗಾ. ಬೈದವರ ಮುಂದೆ, ಹೊಗಳಿದವರ ಮುಂದೆ, ಸೋತ ದಿನ, ಗೆದ್ದ ದಿನ, ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ. ಜಾಗ ಇದೆ.

ಕೊನೆಗೆ ಸಮುದ್ರ ಅವನ ತಾಯಿಯ ಮನೆಯ ಮೆಟ್ಟಿಲಿಗೇ ಬಂತು. ಅಧಿಕಾರಿಗಳು ಬಂದು "ಸಿಮೆಂಟಿನ ಮನೆ ಕಟ್ಟಿಸಿಕೊಡುತ್ತೇವೆ ಅಮ್ಮಾ" ಎಂದರು. ಮುದುಕಿ ಒಪ್ಪಲಿಲ್ಲ. "ಈ ಮನೆ ಇಲ್ಲಿಗೆ ಬಂದದ್ದು ಹೆಗಲ ಮೇಲೆ. ಹೋಗುವುದೂ ಹೆಗಲ ಮೇಲೇ. ನನ್ನ ಮಗ ಅವನ ಜಾಗದಲ್ಲಿ ನಿಂತು ಹೊರುವುದನ್ನು ಒಂದು ಸಲ ನೋಡಿ ಕಣ್ಣು ಮುಚ್ಚುತ್ತೇನೆ. ಅವನಿಗೆ ಹೇಳಿ."

ಹೇಳಿದರು. ಅಧ್ಯಕ್ಷನ ಕಣ್ಣು ತುಂಬಿತು. ಬರುತ್ತೇನೆ ಎಂದು ದಿನ ಕೊಟ್ಟ. ಹಳೆಯ ಮಾಸಲು ಅಂಗಿಯೊಂದನ್ನು ತಾನೇ ಹುಡುಕಿ ತೆಗೆದಿಟ್ಟ.

ಆ ದಿನ ಬೆಳಗ್ಗೆ ಅವನು ಹೊರಡುವಾಗ ಮಂತ್ರಿಗಳು ದಾರಿ ಕಟ್ಟಿದರು. ಯಾವುದೋ ಕಾನೂನು, ಇವತ್ತು ತಪ್ಪಿದರೆ ತಪ್ಪಿತು ಎಂದರು. ಅವನು ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಸಭೆಯಲ್ಲಿ ಕೂತ. ಊರಿಗೆ ಹೇಳಿ ಕಳಿಸಿದ: "ಸಮುದ್ರದ ಉಬ್ಬರ ಏರುವ ಮುಂಚೆ ಎತ್ತಿಬಿಡಿ. ನಾನು ಅರ್ಧ ದಾರಿಯಲ್ಲಿ ಬಂದು ಸೇರಿಕೊಳ್ಳುತ್ತೇನೆ. ಜಾಗ ಇಟ್ಟಿರಿ."

ಊರವರು ಎತ್ತಿದರು. ಮುದುಕಿ ದಿಬ್ಬದ ಮೇಲೆ ಒಲೆ ಹೂಡಿ ಗಂಜಿ ಇಟ್ಟು, ಅಲ್ಲೇ ಕೂತು ನೋಡುತ್ತಿದ್ದಳು. ಬಲಗಡೆಯ ಬಿದಿರಿನಲ್ಲಿ ತಿನೊನ ಹಿಂದೆ ಒಂದಾಳು ನಿಲ್ಲುವಷ್ಟು ಬರಿದು. ಕುಂಬಾರನ ಮಗನೊಬ್ಬ, ಅದೇ ಎತ್ತರದವನು, "ನಾನು ನಿಲ್ಲಲಾ?" ಎಂದು ಬಂದ. "ದೂರ ಹೋಗು, ಅದು ಸೆಲ್ಮೊನ ಜಾಗ" ಎಂದು ತಿನೊ ಗದರಿದ.

ಹಳ್ಳದ ಹತ್ತಿರ ಮರಳು ಮೆತ್ತಗಿತ್ತು. ಮನೆ ಬಲಕ್ಕೆ ವಾಲಿತು. ಹೆಗಲಿಲ್ಲದ ಕಡೆ ಬಿದಿರು ಬಗ್ಗಿತು, ಬಗ್ಗಿ ಸೀಳಿತು. ಎಲ್ಲರೂ ಹಾರಿಕೊಂಡರು. ತಿನೊ ಹಾರಲಿಲ್ಲ. ಮನೆ ಅವನ ಕಾಲಿನ ಮೇಲೆ ಕುಸಿಯಿತು.

ಅಧ್ಯಕ್ಷ ಬಂದಾಗ ಮಾಸಲು ಅಂಗಿ ತೊಟ್ಟಿದ್ದ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೊರಲು ಏನೂ ಉಳಿದಿರಲಿಲ್ಲ. ಮರಳಿನ ಮೇಲೆ ಮಲಗಿಸಿದ್ದ ತಿನೊನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ನನ್ನ ಜಾಗಕ್ಕೆ ಯಾರನ್ನಾದರೂ ನಿಲ್ಲಿಸಬಾರದಾಗಿತ್ತೇನೋ?"

"ನೀನೇ ಹೇಳಿದ್ದೆಯಲ್ಲೋ, ಇಟ್ಟಿರಿ ಅಂತ."

"ಇವತ್ತು ಹೇಳಿದ್ದೆ..."

"ಅವತ್ತೂ ಹೇಳಿದ್ದೆ" ಎಂದ ತಿನೊ. "ನೀನು ಹೋದ ಮೇಲೆ ಎತ್ತಿದ ಎಲ್ಲ ಮನೆಯನ್ನೂ ಹಾಗೇ ಎತ್ತಿದೆವು. ನಿನ್ನ ಪಾಲಿನ ಭಾರ ಕಡಿಮೆಯೇನಿರಲಿಲ್ಲ ಮಾರಾಯ."

ಆಗ ಸೆಲ್ಮೊ ಗೆಳೆಯನ ಹೆಗಲು ನೋಡಿದ. ಬಲ ಹೆಗಲು ಒಂದು ಗೇಣು ಕೆಳಗೆ ಕುಸಿದಿತ್ತು, ಕತ್ತು ಅತ್ತಲೇ ವಾಲಿತ್ತು. ಎಷ್ಟೋ ಸಲ ಊರಿಗೆ ಬಂದಿದ್ದ, ಹಾರ ಹಾಕಿಸಿಕೊಂಡಿದ್ದ, ದೂರದಿಂದ ಆ ತಲೆ ಆಡುವುದನ್ನು ನೋಡಿದ್ದ. ಹೆಗಲನ್ನು ನೋಡಿರಲಿಲ್ಲ. ಅವನು ಅಲ್ಲೇ ಮರಳಿನಲ್ಲಿ ಕೂತು, ಬಾಯಿ ತೆರೆದು, ಸಣ್ಣ ಮಕ್ಕಳ ಹಾಗೆ ಅತ್ತ.

ತಾಯಿ ದಿಬ್ಬ ಇಳಿದು ಬಂದಳು. ಬೈಯಲಿಲ್ಲ. "ಏಳಪ್ಪಾ. ಗಂಜಿ ಆಗಿದೆ. ಎಲ್ಲರಿಗೂ ಬಡಿಸು" ಎಂದಳು.

ಅವನು ಬಡಿಸಿದ. ತಾನು ಮಾತ್ರ ತಿನ್ನಲಿಲ್ಲ. ಹೊರದೆ ಇದ್ದವನು ಉಣ್ಣುವ ಹಾಗಿರಲಿಲ್ಲ ಅಲ್ಲಿ.

ಇನ್ನು ಯಾರು ಏನಾದರು ಅಂತ ಹೇಳಿ ಮುಗಿಸುತ್ತೇನೆ. ಮುರಿದ ಮನೆಯ ಬಿದಿರು, ಗರಿ ಎಲ್ಲವೂ ಬೇರೆ ಬೇರೆ ಮನೆಗಳಿಗೆ ಹೋದವು; ಅಲ್ಲಿ ಯಾವುದನ್ನೂ ಎಸೆಯುವುದಿಲ್ಲ. ಮುದುಕಿ ತಿನೊನ ಮನೆಯಲ್ಲಿ ಉಳಿದಳು, ಮಾರನೇ ಮಳೆಗಾಲಕ್ಕೆ ಮುಂಚೆ ಅಲ್ಲೇ ತೀರಿಕೊಂಡಳು. ಮಗನನ್ನು ಬಿದಿರಿನ ಕೆಳಗೆ ನೋಡಬೇಕೆಂಬ ಆಸೆ ಆಸೆಯಾಗಿಯೇ ಹೋಯಿತು. ತಿನೊನ ಕಾಲು ಕೂಡಿತು, ಹೆಗಲು ಏಳಲಿಲ್ಲ. ಬಲೆ ಹೆಣೆಯುತ್ತಾ, ಹೋಗಿ ಬರುವವರನ್ನೆಲ್ಲ ಬೈಯುತ್ತಾ ಮುದುಕನಾದ. ಸೆಲ್ಮೊ ಆ ಅವಧಿ ಮುಗಿಸಿ ಮತ್ತೆ ನಿಲ್ಲಲಿಲ್ಲ. ಊರಿಗೆ ಬಂದ. ಮೊದಲ ಮನೆ ಎತ್ತುವ ದಿನ ಹೋಗಿ ಬಿದಿರಿನ ಹತ್ತಿರ ನಿಂತ. ಕುರ್ಚಿಯಲ್ಲಿ ಕೂತು ಕೂತು ಬೆನ್ನು ಬಾಗಿತ್ತು. ಹೆಗಲು ಬಿದಿರಿಗೆ ಮುಟ್ಟಲಿಲ್ಲ. ಅವನ ಜಾಗದಲ್ಲಿ ಕುಂಬಾರನ ಮಗ ನಿಂತಿದ್ದ. ಸೆಲ್ಮೊನ ಕೈಗೆ ತಗಡಿನ ಡಬ್ಬ ಕೊಟ್ಟರು. ಸಾಯುವವರೆಗೂ ಅವನು ಮುಂದೆ ಮುಂದೆ ಹೆಜ್ಜೆ ಹೇಳುತ್ತಾ ಹೋದ. ಆಗಾಗ ತಿರುಗಿ ಆ ಕುಂಬಾರನ ಮಗನ ಹೆಗಲನ್ನು ನೋಡುತ್ತಿದ್ದನಂತೆ. ನೋಡಿ, ಎಡಗೈಯಲ್ಲಿ ತನ್ನ ಹೆಗಲನ್ನು ಮುಟ್ಟಿಕೊಳ್ಳುತ್ತಿದ್ದನಂತೆ.

ಕತೆ ಮುಗಿಯಿತು. ಅವ್ವ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು.

ಶಿಷ್ಯ ಮೆಲ್ಲಗೆ ಕೇಳಿದ: "ಹಾಗಾದರೆ ನಾನು ಹೋಗಬಾರದೇ ಅವ್ವ?"

ಅವ್ವ ಎದ್ದು ಬಂದು ಅವನ ಎಡ ಹೆಗಲಿನ ಮೇಲೆ ಕೈಯಿಟ್ಟು, ಕೋಲು ಕೂತು ಗಟ್ಟಿಯಾದ ಆ ಜಾಗವನ್ನು ಒಮ್ಮೆ ಸವರಿದಳು.

"ಹೋಗಿ ಬಾ ಮಗಾ, ನಾಳೆ ಬೆಳಗ್ಗೆಯೇ ನಿನ್ನ ತುದಿಗೆ ಇನ್ನೊಬ್ಬ ಹೆಗಲು ಕೊಡುತ್ತಾನೆ."