ಪುಟ್ಟಮಾದಿ ಕೊಂಡ ಸೈಕಲ್ಲು

ಹತ್ತಿರ ಬಂದು ಕೂತುಕೊಳ್ಳಿ. ಏಳು ಗುಡ್ಡ ದಾಟಿದರೆ ಒಂದು ರಾಜ್ಯ. ಅಲ್ಲಿ ಕೋಟೆ ಗುಡ್ಡದ ನೆತ್ತಿಯಲ್ಲಿ, ಊರು ಗುಡ್ಡದ ಬುಡದಲ್ಲಿ. ಊರಿನ ಓಲೆಗಳನ್ನು ಕೋಟೆಗೆ ನಡೆದೇ ಮುಟ್ಟಿಸುವವಳು ಪುಟ್ಟಮಾದಿ. ಒಂದು ದಿನ ರಾಜ ಡಂಗುರ ಸಾರಿಸಿದ: "ಸೋಮವಾರದಿಂದ ಓಲೆ ಸೈಕಲ್ ಮೇಲೆ ಬರಬೇಕು. ಸೈಕಲ್ ಇಲ್ಲದವರಿಗೆ ಕೆಲಸವಿಲ್ಲ!"

ಪುಟ್ಟಮಾದಿಗೆ ಸೈಕಲ್ ತುಳಿದು ಗೊತ್ತಿತ್ತು, ಕೊಂಡು ಗೊತ್ತಿರಲಿಲ್ಲ. ಗಂಟು ಬಿಚ್ಚಿದರೆ ಇದ್ದದ್ದು ಇಪ್ಪತ್ತು ವರಹ.

ಸೈಕಲ್ ಮಾರುವ ಜವರಪ್ಪನ ಅಂಗಡಿ ಇಳಿಜಾರಿನ ಮೇಲಿತ್ತು. ಅವನು ಬಾಯಿ ಬಿಟ್ಟರೆ ಬೆಲ್ಲ.

"ಎಷ್ಟು ತಂದಿದ್ದೀಯವ್ವ?"

"ಇಪ್ಪತ್ತು, ಅಣ್ಣ."

"ನೋಡು ನಿನ್ನ ಅದೃಷ್ಟ! ಈ ಕೆಂಪು ಸೈಕಲ್ಲಿಗೂ ಇಪ್ಪತ್ತೇ, ಈ ನವಿಲು ಬಣ್ಣದ್ದಕ್ಕೂ ಇಪ್ಪತ್ತೇ."

"ಮೂಲೇಲಿ ಕೋಳಿ ಕೂತಿರೋ ಆ ಕರೀದು?"

"ಅದಾ? ಎಂಟು ಕೊಟ್ಟು ಹೊತ್ಕೊಂಡು ಹೋಗು!" ಸುತ್ತ ನಿಂತವರೆಲ್ಲ ನಕ್ಕರು.

ಪುಟ್ಟಮಾದಿ ಕೆಂಪು ಸೈಕಲ್ ಹತ್ತಿದಳು, ಸುಯ್ಯೆಂದು ಇಳಿಯಿತು. ನವಿಲು ಬಣ್ಣದ್ದು ಹತ್ತಿದಳು, ಸುಯ್ಯೆಂದು ಇಳಿಯಿತು. ಕರೀದು ಹತ್ತಿದಳು, ಅದೂ ಸುಯ್ಯೆಂದು ಇಳಿಯಿತು. ಕೆಳಗೆ ಪ್ರತಿಸಲವೂ ಒಂದು ಎತ್ತಿನ ಗಾಡಿ ಕಾದಿತ್ತು, ಸೈಕಲ್ಲನ್ನೂ ಅವಳನ್ನೂ ಮೇಲಕ್ಕೆ ತರಲು. ಜವರಪ್ಪನ ಅಂಗಡಿಯ ಪದ್ಧತಿಯೇ ಅದು.

"ಗಾಡಿ ಯಾಕಣ್ಣ?"

"ಗಿರಾಕಿಗೆ ಯಾಕವ್ವ ದಣಿವು!"

ಪುಟ್ಟಮಾದಿಗೆ ಒಳಗೊಳಗೇ ನಗು ಬಂತು. ಓಲೆ ಹೋಗಬೇಕಾದದ್ದು ಮೇಲಕ್ಕಲ್ಲವೇ!

"ಅಣ್ಣ, ನನಗೆ ಆರಿಸೋಕೆ ಬರಲ್ಲ. ಬುಡದಿಂದ ಇಲ್ಲಿಗೆ ನೀನೇ ತುಳಿದು ತೋರಿಸು. ಯಾವುದು ಮೇಲೆ ಬರುತ್ತೋ ಅದನ್ನ ನೀ ಹೇಳಿದ ಬೆಲೆಗೇ ಕೊಳ್ತೀನಿ."

ಜನರೆದುರು ಆಗಲ್ಲ ಅಂದರೆ ಮಾನ ಹೋಯಿತು. ಜವರಪ್ಪ ಕೆಂಪು ಸೈಕಲ್ ತುಳಿದ; ಹತ್ತು ಮಾರು ಹೋಗುವಷ್ಟರಲ್ಲಿ ಚೈನು ಕಳಚಿತು. ನವಿಲು ಬಣ್ಣದ್ದನ್ನು ತುಳಿದ, ಪೆಡಲು ಮುರಿಯಿತು. ಜನ ಹೋ ಎಂದರು. ರೋಷ ಬಂದು ಕರೀದನ್ನು ಹತ್ತಿದ. ಅದು ಕಿರ್ರೋ ಕಿರ್ರೋ ಎನ್ನುತ್ತ ಅಂಗಡಿಯವರೆಗೂ ಬಂತು.

"ನೋಡಿದೆಯಾ! ನನ್ನ ಸೈಕಲ್ ಅಂದ್ರೆ ಏನಂದ್ಕೊಂಡೆ?" ಎಂದು ಏದುಸಿರಲ್ಲೇ ಬೀಗಿದ.

"ನೋಡಿದೆ ಅಣ್ಣ. ತಗೋ ಎಂಟು ವರಹ."

ಜವರಪ್ಪನ ಮುಖ ಹುಳ್ಳಗಾಯಿತು. "ಅಲ್ಲವ್ವ, ಇದಕ್ಕೂ ಇಪ್ಪತ್ತು..." ಎಂದು ರಾಗ ಎಳೆದ.

"ಎಂಟು ಅಂದದ್ದು ನಾವೆಲ್ಲ ಕೇಳಿದ್ದೀವಿ!" ಎಂದಿತು ಜನ.

ಸೋಮವಾರ ಬೆಳಿಗ್ಗೆ ಪುಟ್ಟಮಾದಿ ಕೋಟೆ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಬಾರಿಸಿದಳು. ಮೈಯೆಲ್ಲ ಬೆವರು, ಮನಸ್ಸು ಹಾಲು ಕುಡಿದಷ್ಟು ತಂಪು.

ಮಕ್ಕಳೇ, ಇಳಿಜಾರಿನಲ್ಲಿ ಕುಂಬಳಕಾಯಿಯೂ ಓಡುತ್ತದೆ. ಕೊಳ್ಳುವ ಮೊದಲು ಏರಿನಲ್ಲಿ ನೋಡಿ.